ಹೊಸ ಕಂಪ್ಯೂಟರಿಗೆ ಡಿವಿಡಿ ಡ್ರೈವ್ ಹಾಕಿಸಬೇಕಾ? ಬೀರುವಿನಲ್ಲಿರುವ ಡಿಸ್ಕ್‌ಗಳ ಗತಿ ಏನು?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಿದ್ದೇವೆ. ಮಗಳು ಇಂಜಿನಿಯರಿಂಗ್ ಸೇರುತ್ತಿದ್ದಾಳೆ. ಯಜಮಾನರ ಬಿಲ್ಲು, ಜಿಎಸ್‌ಟಿ ಕೆಲಸವೂ ಅದರಲ್ಲೇ ಆಗಬೇಕು. ಅಂಗಡಿಯವರು ಕೊಟ್ಟ ಕೊಟೇಶನ್‌ನಲ್ಲಿ ಡಿವಿಡಿ ರೈಟರ್ ಇರಲಿಲ್ಲ. ಕೇಳಿದ್ದಕ್ಕೆ, "ಈಗ ಯಾರೂ ಹಾಕಿಸಲ್ಲ ಮೇಡಂ, ಈ ಕ್ಯಾಬಿನೆಟ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ" ಅಂದರು.

ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ನಮ್ಮ ಬೀರುವಿನ ಕೆಳಗಿನ ಖಾನೆ ತುಂಬ ಡಿಸ್ಕ್‌ಗಳಿವೆ. ನಮ್ಮ ಮದುವೆಯ ಡಿವಿಡಿ, ಮಗಳ ಸ್ಕೂಲ್ ಡೇ, ಅಮ್ಮನ ಬೆನ್ನಿನ ಎಂಆರ್‌ಐ. ಅಪ್ಪ ತೀರಿಕೊಳ್ಳುವ ಮುಂಚೆ ನೆಂಟರ ಗೃಹಪ್ರವೇಶದಲ್ಲಿ ಮಾತಾಡಿದ ಒಂದು ವಿಡಿಯೋ ಕೂಡ ಇದೆ. ಅವರ ಧ್ವನಿ ಇರುವುದು ಅದೊಂದರಲ್ಲೇ. ಹಳೇ ಕಂಪ್ಯೂಟರಿನ ಡ್ರೈವ್ ಈಗ ಬಾಗಿಲನ್ನೇ ತೆಗೆಯುವುದಿಲ್ಲ, ಒಳಗೊಂದು ಡಿಸ್ಕ್ ಬೇರೆ ಸಿಕ್ಕಿಕೊಂಡಿದೆ.

ಹಠ ಹಿಡಿದು ಡ್ರೈವ್ ಹಾಕಿಸಲಾ, ಇಲ್ಲ ಬಿಟ್ಟುಬಿಡಲಾ? ಬಿಟ್ಟರೆ ಈ ಡಿಸ್ಕ್‌ಗಳನ್ನು ಏನು ಮಾಡೋದು?

ಗಿರಿಸಾಲು, ಚಿಕ್ಕಮಗಳೂರು

ಬೇಡ ಅಕ್ಕ. ಆ ದುಡ್ಡನ್ನು ಎಸ್‌ಎಸ್‌ಡಿಗೆ, ಅಂದರೆ ಫೈಲ್ ಇಡುವ ವೇಗದ ಡ್ರೈವಿಗೆ ಹಾಕಿ, 500 ಜಿಬಿ ಬದಲು 1 ಟಿಬಿ ತೆಗೆದುಕೊಳ್ಳಿ. ಮಗಳಿಗೆ ನಿಜಕ್ಕೂ ಉಪಯೋಗ ಆಗುವುದು ಅದು.

ಲೆಕ್ಕ ನೋಡಿ. ಸಿಡಿಯಲ್ಲಿ 700 ಎಂಬಿ, ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ ಡಿವಿಡಿ ಆದರೆ 8.5 ಜಿಬಿ. ಈಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆನ್‌ಡ್ರೈವ್‌ಗೇ 64 ಜಿಬಿ ಇರುತ್ತದೆ. ವೇಗದಲ್ಲೂ ಅಷ್ಟೆ. ಡ್ರೈವ್ ಮೇಲೆ ದೊಡ್ಡದಾಗಿ 52 ಎಕ್ಸ್ ಅಂತ ಬರೆದಿರುತ್ತಾರಲ್ಲ, ಸಿಡಿಗೆ ಒಂದು ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. ಹಾಗಾಗಿ 52 ಎಕ್ಸ್ ಅಂದರೂ 8 ಎಂಬಿ ಮುಟ್ಟುವುದಿಲ್ಲ. ಡಿವಿಡಿಯ ಎಕ್ಸ್ ಅದಕ್ಕಿಂತ ದೊಡ್ಡದು, ಆದರೂ 16 ಎಕ್ಸ್ ಡಿವಿಡಿ ಸುಮಾರು 22 ಎಂಬಿ. ಸಾಟಾ ಅನ್ನುವ ಸಾದಾ ಮಾದರಿಯ ಎಸ್‌ಎಸ್‌ಡಿ 500 ಎಂಬಿ ಹತ್ತಿರ ಓದುತ್ತದೆ.

ಆಪಲ್‌ನವರು 2008ರಲ್ಲೇ ಡ್ರೈವ್ ಇಲ್ಲದ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ತಂದರು. ಆಗ ಎಲ್ಲರೂ ಬೈದರು, ಆಮೇಲೆ ಎಲ್ಲ ಕಂಪನಿಯವರೂ ಅದೇ ದಾರಿ ಹಿಡಿದರು. ಈಗ ವಿಂಡೋಸ್ ಹಾಕುವುದೂ ಪೆನ್‌ಡ್ರೈವ್‌ನಿಂದಲೇ. ಸಾಫ್ಟ್‌ವೇರ್ ಡಿಸ್ಕ್‌ನಲ್ಲಿ ಬರುವುದೇ ನಿಂತಿದೆ. ನಾನು ತೋಟದ ಮನೆಯಿಂದಲೇ ಬೆಂಗಳೂರಿನ ಕಂಪನಿ ಕೆಲಸ ಮಾಡುತ್ತೇನೆ, ಡಿಸ್ಕ್ ಮುಟ್ಟಿ ವರ್ಷಗಳೇ ಆದವು.

ಮದುವೆ ಡಿವಿಡಿನ ಯಾವುದಾದರೂ ಸ್ಟುಡಿಯೋಗೆ ಕೊಟ್ಟು ಕಾಪಿ ಮಾಡಿಸಿಕೊಳ್ಳಿ, ಮುಗೀತು.

ಬಿ.ಎಂ. ರಸ್ತೆ ರಿಪೇರಿ, ಹಾಸನ

ಗಿರಿಸಾಲು ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಹೊಸ ಕಂಪ್ಯೂಟರಿನ ಒಳಗೆ ಡ್ರೈವ್ ಬೇಡ. ಮುಂದೆ ಗಾಜು, ಹಿಂದೆ ಫ್ಯಾನು ಇರುವ ಈಗಿನ ಕ್ಯಾಬಿನೆಟ್‌ಗಳಲ್ಲಿ ಐದೂಕಾಲು ಇಂಚಿನ ಆ ಖಾನೆಯೇ ಬರುವುದಿಲ್ಲ. ಅದಕ್ಕೋಸ್ಕರ ಹಳೇ ಮಾದರಿ ಕ್ಯಾಬಿನೆಟ್ ಹುಡುಕಿ ತಂದು ಗಾಳಿ ಓಡಾಡದ ಹಾಗೆ ಮಾಡಿಕೊಳ್ಳಬೇಡಿ.

ಆದರೆ "ಡ್ರೈವೇ ಬೇಡ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡಿವಿಡಿ ರೈಟರ್ ಒಂದೂವರೆ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಮನೆಯಲ್ಲಿರುವ ಯಾವ ಕಂಪ್ಯೂಟರಿಗಾದರೂ ಹಾಕಬಹುದು, ಕೆಲಸ ಮುಗಿದ ಮೇಲೆ ಡಬ್ಬಿಗೆ ಹಾಕಿ ಎತ್ತಿಡಬಹುದು. ಅಣ್ಣತಮ್ಮಂದಿರ ಮೂರು ಮನೆಗೂ ಸೇರಿ ಒಂದು ಇದ್ದರೆ ಸಾಕು.

ಒಂದು ವಿಷಯ ನೆನಪಿಡಿ. ಇವು ಕರೆಂಟ್ ಜಾಸ್ತಿ ಎಳೆಯುತ್ತವೆ. ಒಂದಕ್ಕೆ ನಾಲ್ಕು ಪೋರ್ಟ್ ಮಾಡುವ ಹಬ್‌ಗೆ ಹಾಕಬೇಡಿ, ಕ್ಯಾಬಿನೆಟ್‌ನ ಹಿಂದುಗಡೆ ಮದರ್‌ಬೋರ್ಡ್‌ನಲ್ಲೇ ಇರುವ ಪೋರ್ಟ್‌ಗೆ ಹಾಕಿ. ಎರಡು ಯುಎಸ್‌ಬಿ ತಲೆ ಇರುವ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಸಿಕ್ಕಿಸಿ. ಕರೆಂಟ್ ಸಾಲದೆ ಟಕ್ ಟಕ್ ಅಂತ ಸದ್ದು ಮಾಡಿ ನಿಲ್ಲುವ ಡ್ರೈವನ್ನು ಎಷ್ಟೋ ಜನ ಕೆಟ್ಟುಹೋಗಿದೆ ಅಂತ ತರುತ್ತಾರೆ. ಹಿಂದಿನ ಪೋರ್ಟ್‌ಗೆ ಹಾಕಿದರೆ ಸರಿಯಾಗಿ ಓಡುತ್ತದೆ.

ಇನ್ನು ನಿಮ್ಮ ಹಳೇ ಡ್ರೈವ್. ಬಾಗಿಲು ತೆಗೆಯುವುದಿಲ್ಲ ಅಂದರೆ ಡ್ರೈವ್ ಸತ್ತಿದೆ ಅಂತ ಅಲ್ಲ ಮೇಡಂ. ಮುಂದೆ ಸಣ್ಣ ತೂತು ಇದೆಯಲ್ಲ, ಕಂಪ್ಯೂಟರ್ ಆಫ್ ಮಾಡಿ ಅದಕ್ಕೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಹಾಕಿ ಒತ್ತಿ. ತಟ್ಟೆ ಅರ್ಧ ಇಂಚು ಹೊರಗೆ ಬರುತ್ತದೆ, ಆಮೇಲೆ ಕೈಯಲ್ಲಿ ನಿಧಾನವಾಗಿ ಎಳೆದರೆ ಡಿಸ್ಕ್ ಸಿಗುತ್ತದೆ. ಒಳಗಿನ ಚಿಕ್ಕ ರಬ್ಬರ್ ಬೆಲ್ಟ್ ಸಡಿಲ ಆಗಿರುತ್ತದೆ, ಅಷ್ಟೇ. ಬೆಲ್ಟ್ ಬದಲಾಯಿಸಿದರೆ ಹೆಚ್ಚಿನವು ಮತ್ತೆ ನಡೆಯುತ್ತವೆ. ಆ ಡ್ರೈವನ್ನು ಎಸೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಳೇ ಲ್ಯಾಪ್‌ಟಾಪ್ ಇರುವವರಿಗೂ ಒಂದು ಮಾತು. ಡಿವಿಡಿ ಡ್ರೈವ್ ಬಿಚ್ಚಿ ಆ ಜಾಗದಲ್ಲಿ ಕ್ಯಾಡಿ ಅನ್ನುವ ಚೌಕಟ್ಟು ಹಾಕಿ ಹಾರ್ಡ್ ಡಿಸ್ಕ್ ಕೂರಿಸಬಹುದು, ಮುಖ್ಯ ಜಾಗಕ್ಕೆ ಎಸ್‌ಎಸ್‌ಡಿ ಹಾಕಬಹುದು. ಐದಾರು ವರ್ಷ ಹಳೇ ಲ್ಯಾಪ್‌ಟಾಪಿಗೆ ಜೀವ ಬರುತ್ತದೆ. ಕ್ಯಾಡಿ 9.5 ಮಿಲಿಮೀಟರ್, 12.7 ಮಿಲಿಮೀಟರ್ ಅಂತ ಎರಡು ದಪ್ಪದಲ್ಲಿ ಬರುತ್ತದೆ. ಅಳೆದು ತರಿಸಿ.

ಎಕ್ಸ್‌ರೇ ಕೋಣೆ, ಚಿಕ್ಕಮಗಳೂರು

ಅಮ್ಮನ ಎಂಆರ್‌ಐ ಡಿಸ್ಕ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನಿಷಿಯನ್.

ಫಿಲ್ಮ್ ಮೇಲೆ ನಾವು ಕೊಡುವುದು ಆಯ್ದ ಚಿತ್ರಗಳನ್ನು ಮಾತ್ರ. ಡಿಸ್ಕ್‌ನಲ್ಲಿ ಪೂರ್ತಿ ಸ್ಕ್ಯಾನ್ ಇರುತ್ತದೆ, ನೂರಾರು ಪದರ. ಡಾಕ್ಟರ್ ಅದನ್ನು ಹಿಂದೆ ಮುಂದೆ ಓಡಿಸಿ, ಬೆಳಕು ಹೆಚ್ಚು ಕಡಿಮೆ ಮಾಡಿ ನೋಡುತ್ತಾರೆ. ಇಲ್ಲಿಂದ ಮಂಗಳೂರಿಗೋ ಬೆಂಗಳೂರಿಗೋ ಕಳಿಸಿದಾಗ ಅಲ್ಲಿನವರು ಮೊದಲು ಕೇಳುವುದೇ ಹಳೇ ಸ್ಕ್ಯಾನಿನ ಡಿಸ್ಕ್. ಎರಡು ವರ್ಷದ ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಿದರೆ ತಾನೇ ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಗೊತ್ತಾಗುವುದು.

ಈಗ ಬಹಳ ಕಡೆ ಮೊಬೈಲ್‌ಗೆ ಲಿಂಕ್ ಕೊಡುತ್ತಾರೆ. ಒಳ್ಳೆಯದೇ. ಆದರೆ ಲಿಂಕ್‌ಗೆ ಅವಧಿ ಇರಬಹುದು. ಬಂದ ದಿನವೇ ಡೌನ್‌ಲೋಡ್ ಮಾಡಿಕೊಳ್ಳಿ.

ಡಿಸ್ಕ್ ಕಾಪಿ ಮಾಡುವಾಗ ಒಳಗಿರುವ ಒಂದೊಂದೇ ಫೈಲ್ ಆರಿಸಬೇಡಿ. ಡೈಕಾಮ್ ಅನ್ನುವ ಮಾದರಿಯಲ್ಲಿ ಇರುತ್ತದೆ, ಫೈಲ್‌ಗಳಿಗೆ ಅರ್ಥವಾಗುವ ಹೆಸರೇ ಇರುವುದಿಲ್ಲ. ಡೈಕಾಮ್‌ಡಿರ್ ಅಂತ ಒಂದು ಫೈಲ್ ಇರುತ್ತದೆ, ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿ ಅದು. ಅದನ್ನೂ ಸೇರಿಸಿ ಇಡೀ ಡಿಸ್ಕನ್ನು ಒಂದು ಫೋಲ್ಡರಿಗೆ ಹಾಕಿ, ಫೋಲ್ಡರಿಗೆ ಅಮ್ಮನ ಹೆಸರು, ಸ್ಕ್ಯಾನ್ ಮಾಡಿಸಿದ ತಾರೀಖು ಬರೆಯಿರಿ. ನೋಡಲು ಮೈಕ್ರೋಡೈಕಾಮ್, ವೀಸಿಸ್ ತರಹದ ವ್ಯೂವರ್‌ಗಳು ಸಿಗುತ್ತವೆ.

ಆಸ್ಪತ್ರೆಗೆ ಹೋಗುವಾಗ ಪೆನ್‌ಡ್ರೈವ್ ಜೊತೆ ಡಿಸ್ಕನ್ನೂ ಒಯ್ಯಿರಿ. ಹೊರಗಿನ ಪೆನ್‌ಡ್ರೈವನ್ನು ತಮ್ಮ ಕಂಪ್ಯೂಟರಿಗೆ ಹಾಕಲು ಕೆಲವು ಆಸ್ಪತ್ರೆಗಳವರು ಬಿಡುವುದಿಲ್ಲ, ವೈರಸ್ ಭಯ.

ಕಾಫಿ ಕಣ, ಸಕಲೇಶಪುರ

ನಮ್ಮ ಕಡೆಯವರು ಈ ವಿಷಯವನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಹಾಸನ ಪೇಟೆಯ ಹವೆ ಬೇರೆ, ಇಲ್ಲಿಯದು ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ. ಚರ್ಮದ ಬೆಲ್ಟು, ಚಪ್ಪಲಿ, ಕ್ಯಾಮೆರಾ ಲೆನ್ಸು, ಎಲ್ಲಕ್ಕೂ ಬೂಷ್ಟು. ಡಿಸ್ಕ್‌ಗಳನ್ನೂ ಅದು ಬಿಡುವುದಿಲ್ಲ.

ಕಳೆದ ಮಳೆಗಾಲ ಕಳೆದ ಮೇಲೆ ನಮ್ಮ ಚಿಕ್ಕಪ್ಪನ ಮನೆ ಅಟ್ಟದಿಂದ ಒಂದು ಪೌಚ್ ಇಳಿಸಿದೆವು. ಪ್ಲಾಸ್ಟಿಕ್ ತೊಟ್ಟೆಯೊಳಗೆ ಸಿಡಿಗಳು ಅಂಟಿಕೊಂಡಿದ್ದವು. ಒಂದನ್ನು ಎಳೆದಾಗ ಮೇಲಿನ ಬೆಳ್ಳಿ ಬಣ್ಣದ ಪದರ ತೊಟ್ಟೆಗೇ ಉಳಿದು, ಕೈಗೆ ಬರೀ ಗಾಜಿನಂಥ ಪ್ಲಾಸ್ಟಿಕ್ ಬಂತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ಇನ್ನೊಂದರಲ್ಲಿ ಅಂಚಿನಿಂದ ಒಳಗಡೆಗೆ ಬೇರಿನ ಹಾಗೆ ಗೆರೆಗಳು ಹಬ್ಬಿದ್ದವು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಕ್ಕ ಸಿಡಿಯೊಂದರ ಒಳಪದರವನ್ನು ಬೂಷ್ಟು ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲೇ ವರದಿ ಮಾಡಿದ್ದರು. ಅದೂ ಬಿಸಿಲು, ತೇವ ಎರಡೂ ಜಾಸ್ತಿ ಇರುವ ಊರು.

ಡಿಸ್ಕ್‌ನ ರಚನೆ ಗೊತ್ತಾದರೆ ಕಾರಣವೂ ಗೊತ್ತಾಗುತ್ತದೆ. ಬರೆಯುವ ಸಿಡಿಯಲ್ಲಿ ಕೆಳಗಡೆ ಇರುವುದು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್. ಅದರ ಮೇಲೆ ಬಣ್ಣದ ಪದರ, ಅದರ ಮೇಲೆ ಲೋಹದ ಪದರ, ಅದರ ಮೇಲೆ ತೆಳ್ಳಗೆ ಒಂದು ವಾರ್ನಿಷ್. ಅಂದರೆ ಮಾಹಿತಿ ಇರುವುದು ಹೆಸರು ಬರೆಯುವ ಬದಿಗೆ ಅಂಟಿಕೊಂಡು. ನಾವು ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಮೇಲ್ಗಡೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯುತ್ತೇವೆ. ಆ ಗೀರು ನೇರ ಮಾಹಿತಿಗೇ ಬೀಳುತ್ತದೆ. ಡಿವಿಡಿ ಸ್ವಲ್ಪ ವಾಸಿ. ಅದರಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಮಾಹಿತಿ ಇರುತ್ತದೆ.

ಮತ್ತೆ, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಬೇರೆ, ಸ್ಟುಡಿಯೋದಲ್ಲೋ ಮನೆಯಲ್ಲೋ ಬರೆದ ಡಿಸ್ಕ್ ಬೇರೆ. ಸಿನಿಮಾ ಡಿಸ್ಕ್‌ನಲ್ಲಿ ಗುಳಿಗಳನ್ನು ಅಚ್ಚು ಒತ್ತಿರುತ್ತಾರೆ. ಬರೆದ ಡಿಸ್ಕ್‌ನಲ್ಲಿ ಲೇಸರ್ ಸುಟ್ಟ ಬಣ್ಣವಷ್ಟೇ ಇರುವುದು. ಬಿಸಿಲು, ಸೆಖೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ನಿಮ್ಮ ಅಪ್ಪನ ವಿಡಿಯೋ ಎರಡನೇ ಜಾತಿಯದು ಅಕ್ಕ. ತಡ ಮಾಡಬೇಡಿ.

ಗಿರಿಸಾಲು, ಚಿಕ್ಕಮಗಳೂರು

ಹಾಗಾದರೆ ನನ್ನ ಮಾತಿಗೇ ಬಲ ಬಂತಲ್ಲ? ಡಿಸ್ಕ್ ನಂಬಬಾರದು. ಎಲ್ಲ ಕ್ಲೌಡ್‌ಗೆ ಹಾಕಿ.

ಅರಸೀಕೆರೆ ಮೇಷ್ಟ್ರು

ಕ್ಲೌಡ್ ಬೇಡ ಅನ್ನುವುದಿಲ್ಲಪ್ಪ. ಅದೊಂದನ್ನೇ ನಂಬಬೇಡಿ ಅನ್ನುತ್ತೇನೆ.

ಗೂಗಲ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೋ ಎಲ್ಲ ಸೇರಿತು. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಅನ್ನುವ ನಿಯಮವನ್ನು ಅವರು 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದ್ದಾರೆ. ಮನೆಯ ಹಿರಿಯರು ತೀರಿಕೊಂಡರೆ ಪಾಸ್‌ವರ್ಡ್ ಯಾರಿಗೆ ಗೊತ್ತಿರುತ್ತದೆ? ಬೀರುವಿನಲ್ಲಿರುವ ವಸ್ತು ಮೊಮ್ಮಕ್ಕಳ ಕೈಗೆ ತಾನಾಗಿ ಬರುತ್ತದೆ. ಖಾತೆಯಲ್ಲಿರುವುದು ಹಾಗೆ ಬರುವುದಿಲ್ಲ.

ನಾನು ಮೇಷ್ಟ್ರಾಗಿದ್ದಾಗ ಬಾಣಾವರ, ಜಾವಗಲ್ ಕಡೆಯ ಹಳ್ಳಿಗಳಲ್ಲಿ ಅಜ್ಜಿಯರ ಬಾಯಲ್ಲಿ ಸೋಬಾನೆ ಪದ, ರಾಗಿ ಬೀಸುವ ಪದ ಕ್ಯಾಸೆಟ್‌ಗೆ ತುಂಬಿಕೊಂಡಿದ್ದೆ. ಆಮೇಲೆ ಶಿಷ್ಯನೊಬ್ಬ ಅವನ್ನೆಲ್ಲ ಸಿಡಿಗೆ ಹಾಕಿಕೊಟ್ಟ. ಕ್ಯಾಸೆಟ್‌ಗಳು ಈಗ ಉಳಿದಿಲ್ಲ. ಹಾಡಿದ ಅಜ್ಜಿಯರೂ ಇಲ್ಲ. ಒಬ್ಬ ಅಜ್ಜಿ ಮದುಮಗಳನ್ನು ಹಸೆಗೆ ಕರೆಯುವ ಪದ ಹೇಳುತ್ತಾ ಮಧ್ಯೆ ನಿಲ್ಲಿಸಿ, "ಇದನ್ನ ನಮ್ಮತ್ತೆ ಬೇರೆ ಥರ ಏಳ್ತಿದ್ರು ಕಣಪ್ಪ" ಅಂದು, ಅದನ್ನೂ ಹೇಳಿ ತೋರಿಸುತ್ತಾರೆ. ಎರಡು ಧಾಟಿಯೂ ಆ ಸಿಡಿಯಲ್ಲಿದೆ. ಬೇರೆ ಎಲ್ಲೂ ಇಲ್ಲ.

ಆದ್ದರಿಂದ ಡ್ರೈವ್ ಬೇಕಾ ಬೇಡ್ವಾ ಅನ್ನುವುದು ಕಂಪ್ಯೂಟರಿನ ಪ್ರಶ್ನೆ ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಬೇರೆಲ್ಲೂ ಸಿಗದ ಡಿಸ್ಕ್ ಒಂದಾದರೂ ಇದೆಯಾ, ಅದನ್ನು ನೋಡಿ. ಇದ್ದರೆ, ಅದು ಎರಡು ಮೂರು ಕಡೆ ಕಾಪಿ ಆಗುವ ತನಕ ಡ್ರೈವ್ ಬೇಕೇ ಬೇಕು.

ಬೇಲೂರು ಸ್ಟುಡಿಯೋ

ಮೇಷ್ಟ್ರಿಗೆ ನಮಸ್ಕಾರ. ಆ ಸಿಡಿಗಳನ್ನು ಯಾರ ಕೈಗೂ ಕೊಡುವ ಮುಂಚೆ ಕಾಪಿ ಮಾಡಿಸಿ ಸರ್. ಆಡಿಯೋ ಸಿಡಿಯನ್ನು ಎಂಪಿ3 ಮಾಡಿಸಬೇಡಿ. ಫ್ಲ್ಯಾಕ್ ಅಥವಾ ವೇವ್ ಫೈಲ್ ಮಾಡಿ ಅಂತ ಹೇಳಿ. ಇದ್ದದ್ದು ಇದ್ದ ಹಾಗೆ ಬರುತ್ತದೆ. ಎಂಪಿ3 ಆದರೆ ಜಾಗ ಉಳಿಸಲು ಸ್ವಲ್ಪ ಧ್ವನಿಯನ್ನು ಕತ್ತರಿಸುತ್ತದೆ.

ಈಗ ಮದುವೆ ಡಿಸ್ಕ್ ವಿಷಯ. ನಾನು ಈ ಕೆಲಸದಲ್ಲೇ ಇರುವವನು, ಬಿಡಿಸಿ ಹೇಳುತ್ತೇನೆ.

2000ದ ಆಸುಪಾಸಿನ ಮದುವೆಯಾದರೆ ನಿಮ್ಮ ಹತ್ತಿರ ಇರುವುದು ವಿಸಿಡಿ, ಅಂದರೆ ವಿಡಿಯೋ ತುಂಬಿದ ಸಿಡಿ ಇರಬಹುದು. ಅದರಲ್ಲಿ ಚಿತ್ರದ ಅಳತೆ 352ಕ್ಕೆ 288 ಚುಕ್ಕಿ, ಅಷ್ಟೇ. ಈಗಿನ ಟಿವಿಯಲ್ಲಿ ಮಸುಕು ಕಾಣುತ್ತದೆ, ಅದು ಡಿಸ್ಕ್ ಕೆಟ್ಟಿರುವುದರಿಂದ ಅಲ್ಲ. ಒಳಗೆ ಎಂಪೆಗ್‌ಎವಿ ಅಂತ ಫೋಲ್ಡರ್ ಇರುತ್ತದೆ, ಅದರಲ್ಲಿ ಡ್ಯಾಟ್ ಫೈಲ್. ಅದನ್ನು ಹಾರ್ಡ್ ಡಿಸ್ಕ್‌ಗೆ ಎಳೆದು ವಿಎಲ್‌ಸಿ ಅನ್ನುವ ಪ್ಲೇಯರ್‌ನಲ್ಲಿ ಹಾಕಿದರೆ ಓಡುತ್ತದೆ. ಡಿವಿಡಿ ಆದರೆ ವಿಡಿಯೋ-ಟಿಎಸ್ ಅನ್ನುವ ಫೋಲ್ಡರ್, ಒಳಗೆ ಒಂದೊಂದು ಜಿಬಿಯ ವಿಒಬಿ ಫೈಲ್‌ಗಳು. ಇಡೀ ಫೋಲ್ಡರ್ ಕಾಪಿ ಮಾಡಿ ಮೂಲವನ್ನು ಹಾಗೇ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ನೋಡಲು ಬೇಕಿದ್ದರೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಂಪಿ4 ಮಾಡಿಕೊಳ್ಳಿ. ಎಂಪಿ4 ಮಾಡಿ ಮೂಲ ಅಳಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ತಾನಾಗಿ ಡಿವಿಡಿ ಸಿನಿಮಾ ಓಡಿಸುವುದಿಲ್ಲ. ಎಷ್ಟೋ ಜನ ಡಿಸ್ಕ್ ಹಾಳಾಗಿದೆ ಅಂತ ಎಸೆದಿರುತ್ತಾರೆ. ವಿಎಲ್‌ಸಿ ಹಾಕಿ ನೋಡಿ.

ಇನ್ನೊಂದು ಜಾತಿ ಇದೆ, 8 ಸೆಂಟಿಮೀಟರಿನ ಪುಟ್ಟ ಡಿವಿಡಿ. 1.4 ಜಿಬಿ. ಕೈ ಕ್ಯಾಮೆರಾದಲ್ಲೇ ಬರೆಯುತ್ತಿತ್ತು, ಒಂದರಲ್ಲಿ ಸುಮಾರು ಅರ್ಧ ಗಂಟೆ. ಶ್ರವಣಬೆಳಗೊಳದ 2006ರ ಮಹಾಮಸ್ತಕಾಭಿಷೇಕಕ್ಕೆ ಹೋದ ನೆಂಟರೊಬ್ಬರು ಇಂಥದ್ದರಲ್ಲಿ ಚಿತ್ರ ತೆಗೆದಿದ್ದರು. ಮೊನ್ನೆ ತಂದುಕೊಟ್ಟರು. ಕಂಪ್ಯೂಟರಿಗೆ ಹಾಕಿದರೆ ಖಾಲಿ ಡಿಸ್ಕ್ ಅಂತ ತೋರಿಸಿತು. ಹೊಳೆಯುವ ಬದಿ ತಿರುಗಿಸಿ ನೋಡಿದರೆ ಬರೆದ ಭಾಗ, ಬರೆಯದ ಭಾಗ ಎರಡು ಬಣ್ಣದಲ್ಲಿ ಕಾಣುತ್ತಿದೆ. ವಿಷಯ ಏನೆಂದರೆ, ಫೈನಲೈಸ್ ಮಾಡಿರಲಿಲ್ಲ. ಆ ಕೊನೆಯ ಹೆಜ್ಜೆ ಆಗದಿದ್ದರೆ ಬೇರೆ ಯಂತ್ರಕ್ಕೆ ಡಿಸ್ಕ್‌ನ ಪಟ್ಟಿಯೇ ಸಿಗುವುದಿಲ್ಲ. ಅದೇ ಕ್ಯಾಮೆರಾ ಅವರ ಮನೆಯಲ್ಲಿತ್ತು, ಪುಣ್ಯ. ಚಾರ್ಜರ್ ಹುಡುಕಿ, ಕ್ಯಾಮೆರಾದಲ್ಲಿ ಫೈನಲೈಸ್ ಮಾಡಿದ ಮೇಲೆ ಎಲ್ಲ ಬಂತು. ಅರಿಶಿನದ ಅಭಿಷೇಕ ಆಗುವಾಗ ಜನ ಕೂಗುವುದು, ಅವರ ಅಜ್ಜ "ನೋಡು ನೋಡು" ಅನ್ನುವುದು, ಎಲ್ಲವೂ.

ಇಂಥ ಪುಟ್ಟ ಡಿಸ್ಕನ್ನು ತಟ್ಟೆ ಇರುವ ಡ್ರೈವಿಗೇ ಹಾಕಿ. ಬಾಯಿಗೆ ತುರುಕುವ ಮಾದರಿಗೆ ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ.

ಲೆಕ್ಕದ ಪುಸ್ತಕ, ಚನ್ನರಾಯಪಟ್ಟಣ

ಎಲ್ಲರೂ ಓದುವುದರ ಬಗ್ಗೆ ಹೇಳುತ್ತಿದ್ದೀರಿ. ನಾನು ಈಗಲೂ ಬರೆಯುತ್ತೇನೆ. ವರ್ಷದ ಲೆಕ್ಕ ಮುಗಿದ ಮೇಲೆ ಪ್ರತಿ ಕಕ್ಷಿದಾರರ ಟ್ಯಾಲಿ ಡೇಟಾ ಒಂದು ಡಿಸ್ಕ್‌ಗೆ ಹೋಗುತ್ತದೆ. ಫೈಲ್ ಚಿಕ್ಕದು, ಡಿವಿಡಿ ಸಾಕು ಸಾಕು. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಲೇಬೇಕು.

ಪೆನ್‌ಡ್ರೈವ್‌ನಲ್ಲಿ ಯಾಕೆ ಇಡಬಾರದು ಅಂದರೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದಾಗ ಕಂಪ್ಯೂಟರಿಗೆ ಸಿಕ್ಕಿಸಿರುವ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎಲ್ಲ ಹೋಗುತ್ತದೆ. ಒಂದೇ ಸಲ ಬರೆಯುವ ಡಿಸ್ಕನ್ನು ಅದು ಏನೂ ಮಾಡಲಾರದು. ಅದರ ಮೇಲೆ ಬರೆಯಲು ಯಾರಿಂದಲೂ ಆಗುವುದಿಲ್ಲ. ಈ ಗುಣ ಬೇರೆ ಯಾವ ಅಗ್ಗದ ವಸ್ತುವಿಗೂ ಇಲ್ಲ.

ಕೋರ್ಟ್ ಬೀದಿ, ಹಾಸನ

ಮೇಲಿನವರ ಮಾತಿಗೆ ಸೇರಿಸುತ್ತೇನೆ. ವಕೀಲರ ಕಚೇರಿಯಲ್ಲಿ ನಮಗೂ ಡ್ರೈವ್ ಬೇಕು. ಹಳೇ ಕೇಸುಗಳ ಫೈಲ್‌ನಲ್ಲಿ ಸಿಸಿಟಿವಿ, ಕರೆ ಧ್ವನಿ ಎಲ್ಲ ಸಿಡಿಯಲ್ಲೇ ಇವೆ. ಪ್ರಮಾಣಪತ್ರ ಇಲ್ಲದ ಸಿಡಿ ಸಾಕ್ಷ್ಯಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲೂ ಪೆನ್‌ಡ್ರೈವ್, ಮೊಬೈಲ್ ಜೊತೆ ಸಿಡಿ, ಡಿವಿಡಿ ಹೆಸರು ಇದೆ. ಫೈಲ್‌ನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ, ಬೆರಳಚ್ಚಿನಂಥ ಸಂಕೇತ) ಅದರಲ್ಲಿ ಬರೆಯಬೇಕು. ಹಾಗಾಗಿ ನಮ್ಮ ಕಸುಬಿನಲ್ಲಿ ಇದು ಇನ್ನೂ ಕೆಲವು ವರ್ಷ ಇರುತ್ತದೆ.

ಗಿರಿಸಾಲು, ಚಿಕ್ಕಮಗಳೂರು

ಲೆಕ್ಕದವರ ವಾದ ಒಪ್ಪಿದೆ. ಬದಲಾಯಿಸಲು ಆಗದ ಕಾಪಿ ಅನ್ನುವುದಕ್ಕೆ ಬೆಲೆ ಇದೆ. ಮೇಷ್ಟ್ರ ಮಾತೂ ಸರಿ.

ಆದರೂ ಹೊಸದಾಗಿ ಮನೆ ಫೋಟೋಗಳನ್ನು ಡಿಸ್ಕ್‌ಗೆ ತುಂಬಿಸಿ ಅಂತ ಯಾರಿಗೂ ಹೇಳಲಾರೆ. ಈ ತಂತ್ರಜ್ಞಾನವನ್ನು ಮಾಡುವವರೇ ಕೈಬಿಡುತ್ತಿದ್ದಾರೆ. ಒಂದು ಕಾಲದಲ್ಲಿ ನಮ್ಮ ದೇಶದ ಮೋಸರ್ ಬೇಯರ್ ಜಗತ್ತಿಗೇ ಡಿಸ್ಕ್ ಮಾರುತ್ತಿತ್ತು. 28 ರೂಪಾಯಿಗೆ ಸಿನಿಮಾ ವಿಸಿಡಿ, 34ಕ್ಕೆ ಡಿವಿಡಿ ಕೊಟ್ಟ ಕಂಪನಿ ಅದು, ಬಸ್ ಸ್ಟ್ಯಾಂಡ್ ಅಂಗಡಿಯಲ್ಲೂ ನೇತಾಡುತ್ತಿತ್ತು. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶ ಆಯಿತು. ಸಿಡಿಯನ್ನು ಫಿಲಿಪ್ಸ್ ಜೊತೆ ಸೇರಿ 1982ರಲ್ಲಿ ಮಾರುಕಟ್ಟೆಗೆ ತಂದ ಸೋನಿಯೇ 2025ರ ಫೆಬ್ರವರಿಯಲ್ಲಿ ಡಿವಿಡಿಯ ನಂತರದ ತಲೆಮಾರಿನ, ಬರೆಯುವ ಬ್ಲೂ-ರೇ ಡಿಸ್ಕ್ ತಯಾರಿಕೆ ನಿಲ್ಲಿಸಿತು. ಬೇರೆಯವರ ಡಿಸ್ಕ್ ಈಗಲೂ ಸಿಗುತ್ತದೆ. ಆದರೆ ಇಪ್ಪತ್ತು ವರ್ಷ ಬಿಟ್ಟು ಡಿಸ್ಕ್ ಚೆನ್ನಾಗಿದ್ದು ಡ್ರೈವೇ ಸಿಗದಿದ್ದರೆ ಏನು ಮಾಡುತ್ತೀರಿ?

ಕಂಪ್ಯೂಟರಿನಲ್ಲಿ 4ಕೆ ಬ್ಲೂ-ರೇ ಸಿನಿಮಾ ನೋಡುವ ಆಸೆ ಇರುವವರಿಗೂ ಹೇಳಿಬಿಡುತ್ತೇನೆ. ಅದಕ್ಕೆ ಇಂಟೆಲ್ ಪ್ರೊಸೆಸರ್ ಒಳಗಿನ ಎಸ್‌ಜಿಎಕ್ಸ್ ಅನ್ನುವ ರಕ್ಷಣಾ ವ್ಯವಸ್ಥೆ ಬೇಕಿತ್ತು. 11ನೇ ತಲೆಮಾರಿನ ಕೋರ್ ಪ್ರೊಸೆಸರ್‌ನಿಂದ ಅದನ್ನೇ ತೆಗೆದಿದ್ದಾರೆ. ಡ್ರೈವ್ ಕೊಂಡರೂ ಹೊಸ ಕಂಪ್ಯೂಟರಿನಲ್ಲಿ ಕಾಯ್ದೆಬದ್ಧವಾಗಿ ಓಡುವುದಿಲ್ಲ.

ಬಿ.ಎಂ. ರಸ್ತೆ ರಿಪೇರಿ, ಹಾಸನ

ಅದಕ್ಕೇ ಹಳೇ ಡ್ರೈವ್ ಎಸೆಯಬೇಡಿ ಅಂದದ್ದು. ಗೀರು ಬಿದ್ದ ಡಿಸ್ಕನ್ನು ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಓದುತ್ತದೆ. ಹತ್ತು ಹದಿನೈದು ವರ್ಷ ಹಳೆಯ ದಪ್ಪ ಡ್ರೈವ್‌ಗಳು ಎಷ್ಟೋ ಸಲ ಹೊಸ ತೆಳು ಡ್ರೈವ್‌ಗಿಂತ ಚೆನ್ನಾಗಿ ಓದುತ್ತವೆ.

ಓದದ ಡಿಸ್ಕನ್ನು ಮೊದಲು ತೊಳೆಯಿರಿ. ಮೆತ್ತನೆ ಹತ್ತಿ ಬಟ್ಟೆ, ಸ್ವಲ್ಪ ನೀರು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಒರೆಸಿ. ಸುತ್ತ ತಿರುಗಿಸಿ ಒರೆಸಬಾರದು. ಮಾಹಿತಿ ಇರುವುದು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ. ಅಡ್ಡ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲೂ ಚೂರು ಚೂರೇ ಹೋಗುತ್ತದೆ, ಡ್ರೈವ್ ಸರಿಮಾಡಿಕೊಂಡು ಓದುತ್ತದೆ. ಸುರುಳಿಯ ಉದ್ದಕ್ಕೆ ಗೀರು ಬಿದ್ದರೆ ಒಂದೇ ಕಡೆ ಬಹಳ ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಆಗುವುದಿಲ್ಲ.

ಆಮೇಲೂ ಆಗದಿದ್ದರೆ ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕಿಕೊಳ್ಳುವ ಪುಕ್ಕಟೆ ವ್ಯವಸ್ಥೆ) ಡಿಡಿ-ರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಇದೆ. ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಭಾಗಕ್ಕೆ ಆಮೇಲೆ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಅಂತ ಒಂದು ನಕ್ಷೆ ಬರೆದಿಡುತ್ತದೆ. ಅದೇ ನಕ್ಷೆ ಇಟ್ಟುಕೊಂಡು ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿದರೆ ಬಿಟ್ಟುಹೋದದ್ದನ್ನು ಮಾತ್ರ ಹುಡುಕುತ್ತದೆ. ಎರಡು ಮೂರು ಡ್ರೈವ್ ಸೇರಿ ಒಂದು ಡಿಸ್ಕ್ ಪೂರ್ತಿ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿಯೆಲ್ಲ ಓಡಲು ಬಿಡಬೇಕು, ಆತುರ ಪಟ್ಟರೆ ಆಗುವುದಿಲ್ಲ.

ಡಿಟಿಪಿ ಅಕ್ಕ, ಕಡೂರು

ಒಂದು ವಿಷಯ ಯಾರೂ ಹೇಳಲಿಲ್ಲ. ಡಿಸ್ಕ್‌ನಿಂದ ಫೈಲ್ ಬಂದರೂ ಕನ್ನಡ ಬರದೇ ಇರಬಹುದು. ನಾನು ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ, ಸ್ಮರಣ ಸಂಚಿಕೆ ಟೈಪ್ ಮಾಡುತ್ತಿದ್ದೇನೆ. ಆಗ ಬಳಸುತ್ತಿದ್ದದ್ದು ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು. ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಗಾಬರಿಯಾಗಿ ಅಳಿಸಬೇಡಿ. ಅದೇ ಫಾಂಟ್ ಹಾಕಿದರೆ ಓದಲು ಬರುತ್ತದೆ, ಪರಿವರ್ತಕದಲ್ಲಿ ಹಾಕಿದರೆ ಯುನಿಕೋಡ್ ಆಗುತ್ತದೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪುತ್ತವೆ, ಕೂತು ತಿದ್ದಬೇಕು.

ಊರಿನ ದೇವಸ್ಥಾನದ ಇತಿಹಾಸ, ಶಾಲೆಯ ಶತಮಾನೋತ್ಸವದ ಪುಸ್ತಕ, ಇವುಗಳ ಮೂಲ ಫೈಲ್ ನಮ್ಮಂಥ ಡಿಟಿಪಿಯವರ ಡಿಸ್ಕ್‌ಗಳಲ್ಲೇ ಇವೆ. ಅಂಗಡಿ ಮುಚ್ಚುವಾಗ ಅವೆಲ್ಲ ಗುಜರಿಗೆ ಹೋಗುತ್ತವೆ. ಫೈಲ್ ಜೊತೆ ಆ ಫಾಂಟ್‌ನ ಹೆಸರನ್ನೂ ಬರೆದಿಡಿ ಅಂತ ನನ್ನ ವಿನಂತಿ.

ಮಲೆನಾಡು ಬ್ಯಾಚು, ಹಾಸನ

ಲಿನಕ್ಸ್ ಮಾತು ಬಂದದ್ದಕ್ಕೆ ನೆನಪಾಯಿತು. ನಾವು ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನೆಟ್ ಇರಲಿಲ್ಲ. ಉಬುಂಟು ಅನ್ನುವ ಲಿನಕ್ಸ್‌ನವರು ಕೇಳಿದವರಿಗೆಲ್ಲ ಸಿಡಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತಿತು. ಒಂದು ಸಿಡಿ ಇಡೀ ಹಾಸ್ಟೆಲ್ ಸುತ್ತುತ್ತಿತ್ತು, ನಮ್ಮಲ್ಲಿ ಹಲವರು ಕೆಲಸ ಕಲಿತದ್ದೇ ಅದರಿಂದ. ಈಗಿನ ಲಿನಕ್ಸ್ ಇನ್‌ಸ್ಟಾಲ್ ಫೈಲ್‌ಗಳು ಸಿಡಿಯಲ್ಲಿ ಹಿಡಿಸುವುದೂ ಇಲ್ಲ. ಮಗಳಿಗೆ ಪೆನ್‌ಡ್ರೈವ್‌ನಲ್ಲಿ ವೆಂಟಾಯ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಡಿ ಅಕ್ಕ, ನಾಲ್ಕೈದು ಲಿನಕ್ಸ್ ಅದರಲ್ಲೇ ಇಟ್ಟುಕೊಳ್ಳಬಹುದು.

ಹೇಮಾವತಿ ದಂಡೆ, ಹಾಸನ

ಇಷ್ಟು ಜನ ಇಷ್ಟು ಬಿಡಿಸಿ ಹೇಳಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಪ್ಯೂಟರ್ ಡ್ರೈವ್ ಇಲ್ಲದೆಯೇ ಮಾಡಿಸಿದೆವು. ಹೊರಗಿನ ಡ್ರೈವ್ ತಂದಿದ್ದೇವೆ. ಪೇಪರ್ ಕ್ಲಿಪ್ ಹಾಕಿ ಹಳೇ ಡ್ರೈವ್‌ನಲ್ಲಿ ಸಿಕ್ಕಿಕೊಂಡಿದ್ದ ಡಿಸ್ಕ್ ತೆಗೆದೆವು, ಅದು ಮಗಳ ಸ್ಕೂಲ್ ಡೇ. ಅಪ್ಪನ ವಿಡಿಯೋ ಅರ್ಧದ ತನಕ ಬರುತ್ತದೆ, ಆಮೇಲೆ ಡ್ರೈವ್ ಒದ್ದಾಡುತ್ತದೆ. ರಿಪೇರಿಯವರೇ, ಅದನ್ನು ನಿಮ್ಮ ಹತ್ತಿರ ತರಬಹುದಾ? ಉಳಿದವನ್ನು ಯಾವ ಕ್ರಮದಲ್ಲಿ ಕಾಪಿ ಮಾಡಲಿ?

ಬಿ.ಎಂ. ರಸ್ತೆ ರಿಪೇರಿ, ಹಾಸನ

ಖಂಡಿತ ತನ್ನಿ ಮೇಡಂ. ಅಲ್ಲಿಯವರೆಗೆ ಅದನ್ನು ಮತ್ತೆ ಮತ್ತೆ ಹಾಕಿ ನೋಡಬೇಡಿ. ಬಂದಿರುವ ಅರ್ಧವನ್ನು ಎರಡು ಕಡೆ ಇಟ್ಟುಕೊಳ್ಳಿ. ನಿಮ್ಮ ಹಳೇ ಡ್ರೈವನ್ನೂ ತನ್ನಿ, ಬೆಲ್ಟ್ ಹಾಕಿ ಅದರಲ್ಲೂ ಓಡಿಸೋಣ.

ಬೇಲೂರು ಸ್ಟುಡಿಯೋ

ಕ್ರಮ ಹೀಗಿರಲಿ ಅಕ್ಕ. ಮೊದಲು ಕೈಬರಹದಲ್ಲಿ ಹೆಸರು ಹಾಕಿದ, ಸ್ಟುಡಿಯೋದಲ್ಲೋ ಮನೆಯಲ್ಲೋ ಬರೆದ ಡಿಸ್ಕ್‌ಗಳು. ಅದರಲ್ಲೂ ತೊಟ್ಟೆಯ ಪೌಚ್‌ನಲ್ಲಿ ಇದ್ದವು, ಮೇಲೆ ಕಾಗದದ ಲೇಬಲ್ ಅಂಟಿಸಿದವು. ಲೇಬಲ್ ಕೀಳಲು ಹೋಗಬೇಡಿ, ಪದರವೇ ಕಿತ್ತು ಬರುತ್ತದೆ. ಆಮೇಲೆ ಅಮ್ಮನ ಸ್ಕ್ಯಾನ್. ಸಿನಿಮಾ, ಭಕ್ತಿಗೀತೆ ಕೊನೆಗೆ ಇರಲಿ, ಅವು ಗಟ್ಟಿ, ಬೇರೆ ಕಡೆಯೂ ಸಿಗುತ್ತವೆ. ಒಂದು ಕಾಪಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ತಮ್ಮನ ಮನೆಯಲ್ಲಿ. ಕಾಪಿ ಆದ ಮೇಲೆ ಪ್ರತಿ ವಿಡಿಯೋದ ಕೊನೆಯ ಐದು ನಿಮಿಷ ಓಡಿಸಿ ನೋಡಿ. ಡಿಸ್ಕ್ ಕೆಡಲು ಶುರುವಾಗುವುದು ಸಾಮಾನ್ಯವಾಗಿ ಹೊರ ಅಂಚಿನಿಂದ, ಡಿಸ್ಕ್ ತುಂಬಿದ್ದರೆ ವಿಡಿಯೋದ ಕೊನೆ ಇರುವುದೂ ಅಲ್ಲೇ.